ಅಕ್ಕನ ಕಾಗದ, ಪ್ರಿಂಟರಿನ ಮುನಿಸು

ಮನೆಯಲ್ಲಿ ಪ್ರಿಂಟರ್ ಇರುವವರಿಗೆಲ್ಲ ಚೆನ್ನಾಗಿ ಗೊತ್ತಿರುವ ಒಂದು ಪದವಿದೆ: ‘ಆಫ್‌ಲೈನ್’. ಪ್ರಿಂಟರ್ ಕಣ್ಣೆದುರಿಗೇ ಇರುತ್ತದೆ. ದೀಪ ಉರಿಯುತ್ತಿರುತ್ತದೆ, ಹಾಳೆ ತುಂಬಿರುತ್ತದೆ. ಆದರೂ ಕಂಪ್ಯೂಟರ್ ಮಾತ್ರ ‘ಆ ಹೆಸರಿನವರು ಇಲ್ಲಿ ಯಾರೂ ಇಲ್ಲ’ ಎನ್ನುವ ಹಾಗೆ ಮುಖ ತಿರುಗಿಸುತ್ತದೆ. ಮೊದಲೆಲ್ಲ ಎರಡರ ನಡುವೆ ಒಂದು ತಂತಿ ಇರುತ್ತಿತ್ತು. ಕಿತ್ತು ಮತ್ತೆ ಸಿಕ್ಕಿಸಿದರೆ ಅರ್ಧ ಕಾಯಿಲೆ ವಾಸಿಯಾಗುತ್ತಿತ್ತು. ಈಗ ತಂತಿಯೇ ಇಲ್ಲ. ಇಲ್ಲದ ತಂತಿ ಎಲ್ಲಿ ಕಡಿದಿದೆ ಎಂದು ಹುಡುಕುವುದು ಹೇಗೆ? ಹುಡುಕಬಹುದು. ಬಿ.ಕಾಂ. ಓದಿ, ಬ್ಯಾಂಕಿನಲ್ಲಿ ಲೆಡ್ಜರ್ ಬರೆದು ನಿವೃತ್ತನಾದ ನನ್ನಂಥ ಎಪ್ಪತ್ತು ದಾಟಿದ ತಾತನೂ, ಏಳನೇ ಕ್ಲಾಸಿನ ಮೊಮ್ಮಗಳೂ ಸೇರಿದರೆ ಸಾಕು.

ನಮ್ಮ ಮನೆ ಇರುವುದು ಹಲಸೂರಿನಲ್ಲಿ. ನನ್ನ ಅಕ್ಕ ಇರುವುದು ಕೃಷ್ಣರಾಜಪುರದ ಹತ್ತಿರ, ದೂರವಾಣಿನಗರದಲ್ಲಿ. ಆ ಬಡಾವಣೆಗೆ ಹೆಸರು ಬಂದದ್ದೇ ಟೆಲಿಫೋನಿನಿಂದ. 1948ರಲ್ಲಿ ಶುರುವಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್, ನಾವೆಲ್ಲ ಐಟಿಐ ಎಂದು ಕರೆಯುವ ಕಾರ್ಖಾನೆ, ಅಲ್ಲಿದೆ. ಬೆರಳಿಟ್ಟು ತಿರುಗಿಸುವ ಕಪ್ಪು ಫೋನುಗಳು ಅಲ್ಲಿಂದಲೇ ದೇಶದ ಮೂಲೆಮೂಲೆಗೆ ಹೋಗುತ್ತಿದ್ದವು. ನಮ್ಮ ಭಾವ ಅಲ್ಲೇ ದುಡಿದು ನಿವೃತ್ತರಾದವರು, ಈಗಿಲ್ಲ. ಅಕ್ಕನಿಗೆ ಎಂಬತ್ತನಾಲ್ಕು. ಕಿವಿ ಚುರುಕು, ನೆನಪು ಅದಕ್ಕಿಂತ ಚುರುಕು. ಕಣ್ಣು ಮಾತ್ರ ಕೈಕೊಟ್ಟಿದೆ. ಕಣ್ಣಿನ ಒಳಪರದೆಯ ನಡುಭಾಗ ಸವೆದಿದೆಯಂತೆ. ನೇರ ನೋಡಿದರೆ ಮಸುಕು, ಪಕ್ಕದ್ದೆಲ್ಲ ಕಾಣುತ್ತದೆ. ಹಿಂದೆ ವಾರಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುತ್ತಿದ್ದವಳು ಈಗ ಕಿಟಕಿಯ ಬೆಳಕಿನಲ್ಲಿ, ಭೂತಗನ್ನಡಿ ಹಿಡಿದು, ದೊಡ್ಡ ಅಕ್ಷರವನ್ನಷ್ಟೇ ಓದಬಲ್ಲಳು.

ಅದಕ್ಕೇ ನನ್ನ ಮೊಮ್ಮಗಳು ಪ್ರತಿ ವಾರ ‘ದೊಡ್ಡಜ್ಜಿ’ಗೆ ಒಂದು ಕಾಗದ ಬರೆಯುತ್ತಾಳೆ. ಕಂಪ್ಯೂಟರಿನಲ್ಲಿ ಟೈಪು ಮಾಡಿ, 28ರ ಅಳತೆಯ ದಪ್ಪ ಅಕ್ಷರದಲ್ಲಿ ಪ್ರಿಂಟ್ ತೆಗೆಯುತ್ತಾಳೆ. 2023ರ ಅಕ್ಟೋಬರಿನಲ್ಲಿ ಬೈಯಪ್ಪನಹಳ್ಳಿಯಿಂದ ಕೃಷ್ಣರಾಜಪುರಕ್ಕೆ ಮೆಟ್ರೋ ಕೂಡಿಕೊಂಡ ಮೇಲೆ ಹಲಸೂರು ಸ್ಟೇಷನ್ನಿನಲ್ಲಿ ಹತ್ತಿದರೆ ನೇರ ಅಲ್ಲಿಗೇ ಇಳಿಯಬಹುದು. ಭಾನುವಾರ ನಾನು ಹೋಗಿ ಕಾಗದ ಕೊಟ್ಟು, ಕಾಫಿ ಕುಡಿದು ಬರುತ್ತೇನೆ. ‘ಫೋನಿನಲ್ಲೇ ಮಾತಾಡಬಹುದಲ್ಲ’ ಎಂದರೆ ಅಕ್ಕ ಒಪ್ಪುವುದಿಲ್ಲ. ‘ಫೋನಿನ ಮಾತು ಆಡಿದ ಕೂಡಲೇ ಮುಗಿದುಹೋಗತ್ತೆ ಕಣೋ. ಕಾಗದವಾದರೆ ಬುಧವಾರವೂ ಓದಬಹುದು’ ಎನ್ನುತ್ತಾಳೆ.

ಹೀಗಿರುವಾಗ ನಮ್ಮ ಪ್ರಿಂಟರ್ ಮುನಿಸಿಕೊಂಡಿತು. ಒಂದು ಭಾನುವಾರ ಕಾಗದ ಹೋಗಲಿಲ್ಲ, ಎರಡನೆಯ ಭಾನುವಾರವೂ ಹೋಗಲಿಲ್ಲ. ಸೋಮವಾರ ಅಕ್ಕ ಫೋನು ಮಾಡಿ, ದನಿ ತಗ್ಗಿಸಿ ಕೇಳಿದಳು: ‘ಮಗು ನನ್ನ ಮೇಲೇನಾದರೂ ಬೇಜಾರು ಮಾಡಿಕೊಂಡಿದಾಳೇನೋ?’

ಮೊಮ್ಮಗಳಿಗೆ ಇದನ್ನು ಹೇಳಿದಾಗ ಅವಳ ಮುಖ ಸಪ್ಪಗಾಯಿತು. ‘ಬೀದಿ ಕೊನೆಯಲ್ಲಿ ಜೆರಾಕ್ಸ್ ಅಂಗಡಿ ಇದೆಯಲ್ಲ, ಅಲ್ಲೇ ಹಾಕಿಸಿಕೊಂಡು ಬನ್ನಿ’ ಎಂದಳು ನನ್ನ ಮನೆಯಾಕೆ. ಮೊಮ್ಮಗಳು ಒಪ್ಪಲಿಲ್ಲ. ‘ಅದರಲ್ಲಿ ನಾನು ದೊಡ್ಡಜ್ಜಿಗೆ ಮಾತ್ರ ಹೇಳಿರೋ ವಿಷಯ ಇದೆ. ಅಂಗಡಿಯವರ ಕಂಪ್ಯೂಟರಿನಲ್ಲಿ ಉಳಿದುಹೋದರೆ?’ ಅವಳ ಮಾತೂ ಸರಿಯೇ. ಸ್ವಲ್ಪ ಹೊತ್ತಿಗೆ ‘ತಾತ, ಈ ಪ್ರಿಂಟರ್ ಹಾಳಾಗಿದೆ, ಹೊಸದು ತರೋಣ’ ಎಂದಳು. ‘ಹಾಳಾಗಿದೆ ಅಂತ ಹೇಳೋದಕ್ಕೆ ಮೊದಲು, ಎಲ್ಲಿ ಹಾಳಾಗಿದೆ ಅಂತ ಬೆರಳಿಟ್ಟು ತೋರಿಸಬೇಕು ಕಂದ’ ಎಂದೆ.

ಇದು ಬ್ಯಾಂಕ್ ಕಲಿಸಿದ ಪಾಠ. ಕಂಪ್ಯೂಟರ್ ಬರುವ ಮುಂಚೆ ದಿನದ ಲೆಕ್ಕವೆಲ್ಲ ಕೈಬರಹದಲ್ಲಿ. ಸಂಜೆ ಎರಡು ಕಡೆಯ ಮೊತ್ತ ತಾಳೆಯಾಗದೆ ಯಾರೂ ಮನೆಗೆ ಹೊರಡುವಂತಿರಲಿಲ್ಲ. 63 ರೂಪಾಯಿ ವ್ಯತ್ಯಾಸ ಬಂತು ಎನ್ನಿ. ಹೊಸಬರು ಪುಸ್ತಕವನ್ನೆಲ್ಲ ಮೊದಲಿನಿಂದ ಕೂಡಲು ಕೂರುತ್ತಿದ್ದರು. ಹಳಬರು ಮೊದಲು ಆ 63 ಅನ್ನು 9ರಿಂದ ಭಾಗಿಸುತ್ತಿದ್ದರು. ಶೇಷವಿಲ್ಲದೆ ಭಾಗವಾದರೆ ಎಲ್ಲೋ ಅಂಕೆ ಹಿಂದುಮುಂದಾಗಿರುವ ಸಂಭವ ಹೆಚ್ಚು. 81 ಎಂದು ಬರೆಯುವ ಕಡೆ 18 ಬಿದ್ದಿರಬಹುದು. 81ರಲ್ಲಿ 18 ಕಳೆದರೆ 63. ಮಕ್ಕಳೇ, ಯಾವ ಎರಡಂಕಿಯ ಸಂಖ್ಯೆಯನ್ನಾದರೂ ತಿರುಗಿಸಿ ಕಳೆದು ನೋಡಿ, ಉತ್ತರ 9ರಿಂದ ಭಾಗವಾಗಿಯೇ ತೀರುತ್ತದೆ. ಇನ್ನು, ಜಮೆಯ ಕಡೆ ಬರೆಯಬೇಕಾದ್ದನ್ನು ಖರ್ಚಿನ ಕಡೆ ಬರೆದಿದ್ದರೆ ವ್ಯತ್ಯಾಸ ಅದರ ಎರಡರಷ್ಟು ಬರುತ್ತದೆ. ಆಗ ಅರ್ಧ ಮೊತ್ತದ ಚೀಟಿ ಹುಡುಕಬೇಕು. ಎಲ್ಲ ಕಡೆ ಹುಡುಕುವುದಕ್ಕಿಂತ, ಎಲ್ಲೆಲ್ಲಿ ಇಲ್ಲ ಎಂದು ಮೊದಲು ತಿಳಿದುಕೊಂಡರೆ ಕೆಲಸ ಅರ್ಧ ಮುಗಿದ ಹಾಗೆ.

ಒಬ್ಬರು ಓದುವುದು, ಇನ್ನೊಬ್ಬರು ಟಿಕ್ ಹಾಕುವುದು ನಮ್ಮ ಹಳೆಯ ಪದ್ಧತಿ. ಮೊಮ್ಮಗಳು ಕಂಪ್ಯೂಟರಿನ ಮುಂದೆ ಕೂತಳು, ನಾನು ನೋಟ್‌ಬುಕ್ ಹಿಡಿದೆ. ಕಾಗದ ಹೋಗುವ ದಾರಿಯನ್ನು ಬರೆದುಕೊಂಡೆವು: ಕಂಪ್ಯೂಟರಿನಿಂದ ರೂಟರ್ ಪೆಟ್ಟಿಗೆಗೆ, ರೂಟರಿನಿಂದ ಪ್ರಿಂಟರಿಗೆ, ಪ್ರಿಂಟರಿನಿಂದ ಹಾಳೆಗೆ.

ಮೊದಲು ಕೊನೆಯ ತುದಿ. ಪ್ರಿಂಟರಿನ ಗಾಜಿನ ಮೇಲೆ ಒಂದು ಹಾಳೆ ಇಟ್ಟು ನಕಲು ತೆಗೆದೆವು. ಅದಕ್ಕೆ ಕಂಪ್ಯೂಟರೂ ಬೇಡ, ರೂಟರೂ ಬೇಡ. ನಕಲು ಹೊಳೆಯುವ ಹಾಗೆ ಬಂತು. ಅಂದರೆ ಶಾಯಿ, ಹಾಳೆ, ಯಂತ್ರ ಎಲ್ಲ ಸರಿಯಿದೆ. ಟಿಕ್.

ಎರಡನೆಯದು, ಪ್ರಿಂಟರ್ ಯಾರ ಜೊತೆ ಮಾತಾಡುತ್ತಿದೆ? ಹೆಚ್ಚಿನ ಪ್ರಿಂಟರುಗಳಲ್ಲಿ ಒಂದೆರಡು ಗುಂಡಿ ಒತ್ತಿದರೆ ಅದರ ನೆಟ್‌ವರ್ಕ್ ವಿವರವನ್ನು ಅದೇ ಒಂದು ಹಾಳೆಯಲ್ಲಿ ಅಚ್ಚು ಹಾಕಿಕೊಡುತ್ತದೆ. ಯಾವ ಗುಂಡಿ ಎಂಬುದು ಅದರ ಜೊತೆ ಬಂದ ಪುಸ್ತಕದಲ್ಲಿರುತ್ತದೆ. ಆ ಹಾಳೆ ನೋಡಿದ ಕೂಡಲೇ ಗುಟ್ಟು ಹೊರಬಿತ್ತು. ಎರಡು ವಾರದ ಹಿಂದೆ ಇಂಟರ್ನೆಟ್ಟಿನವರು ಬಂದು ನಮ್ಮ ಹಳೆಯ ರೂಟರ್ ತೆಗೆದು ಹೊಸದನ್ನು ಇಟ್ಟು ಹೋಗಿದ್ದರು. ಹೊಸ ಪೆಟ್ಟಿಗೆಗೆ ಹೊಸ ಹೆಸರು, ಹೊಸ ಪಾಸ್‌ವರ್ಡ್. ಫೋನು, ಕಂಪ್ಯೂಟರಿಗೆಲ್ಲ ಅವರೇ ಹಾಕಿಕೊಟ್ಟರು. ಒಳಕೋಣೆಯಲ್ಲಿದ್ದ ಪ್ರಿಂಟರಿಗೆ ಯಾರೂ ಹೇಳಿರಲಿಲ್ಲ. ಪಾಪ, ಅದು ಮನೆಯಲ್ಲೇ ಇಲ್ಲದ ಹಳೆಯ ರೂಟರನ್ನು ಎರಡು ವಾರದಿಂದ ಕೂಗುತ್ತಾ ಕೂತಿತ್ತು!

ಹೊಸ ಹೆಸರಿಗೆ ಸೇರಿಸಲು ಹೋದೆವು. ಕಂಪ್ಯೂಟರಿನಲ್ಲಿ ನಮ್ಮ ರೂಟರಿನ ಎರಡು ಹೆಸರು ಕಾಣುತ್ತಿತ್ತು. ಒಂದರ ಕೊನೆಯಲ್ಲಿ ‘5ಜಿ’ ಎಂದಿತ್ತು. ಪ್ರಿಂಟರಿಗೆ ಮಾತ್ರ ಒಂದೇ ಹೆಸರು ಕಂಡಿತು. ಈ 5ಜಿ ಎಂಬುದು ಮೊಬೈಲಿನ 5ಜಿ ಅಲ್ಲ. ರೂಟರ್ ಎರಡು ಬಗೆಯ ರೇಡಿಯೋ ಅಲೆಗಳನ್ನು ಬೀರುತ್ತದೆ. ಒಂದು 2.4 ಗಿಗಾಹರ್ಟ್ಸ್, ಅಂದರೆ ಸೆಕೆಂಡಿಗೆ 240 ಕೋಟಿ ಸಲ ಕಂಪಿಸುವಂಥದ್ದು; ಇನ್ನೊಂದು 5 ಗಿಗಾಹರ್ಟ್ಸ್, ಸುಮಾರು 500 ಕೋಟಿ ಸಲ. ಎರಡನೆಯದು ವೇಗದ್ದು, ಆದರೆ ಗೋಡೆ ದಾಟುವಾಗ ಬೇಗ ಸೊರಗುತ್ತದೆ. ಮೊದಲನೆಯದು ನಿಧಾನ, ಆದರೆ ನಮ್ಮ ಹಳೆಯ ಮನೆಯ ದಪ್ಪ ಗೋಡೆಯನ್ನೂ ದಾಟಿ ಒಳಕೋಣೆ ಸೇರುತ್ತದೆ. ಮನೆಬಳಕೆಯ ಎಷ್ಟೋ ಪ್ರಿಂಟರುಗಳಿಗೆ ಈ 2.4 ಮಾತ್ರ ಕೇಳಿಸುತ್ತದೆ. ನಮ್ಮದೂ ಅದೇ ಜಾತಿ. ‘ಗೋಡೆ ದಾಟೋದು ಅಂದರೇನು ತಾತ?’ ಎಂದು ಮೊಮ್ಮಗಳು ಕೇಳಿದಾಗ ಜಗದೀಶಚಂದ್ರ ಬೋಸರ ವಿಷಯ ಹೇಳಿದೆ. 1895ರಲ್ಲೇ ಅವರು ಕೋಲ್ಕತ್ತದಲ್ಲಿ ತಂತಿಯಿಲ್ಲದೆ ಅಲೆಗಳನ್ನು ಗೋಡೆಯಾಚೆಗೆ ಕಳಿಸಿ, ಅಲ್ಲಿದ್ದ ಗಂಟೆ ಬಾರಿಸಿ ತೋರಿಸಿದ್ದರು.

ಪ್ರಿಂಟರ್ ಹೊಸ ರೂಟರಿಗೆ ಸೇರಿತು. ಆದರೂ ಕಂಪ್ಯೂಟರ್ ‘ಆಫ್‌ಲೈನ್’ ಎಂದೇ ಹಟ ಹಿಡಿಯಿತು. ಮತ್ತೆ ಆ ವಿವರದ ಹಾಳೆ ತೆಗೆದೆವು. ಪ್ರಿಂಟರಿನ ಈಗಿನ ವಿಳಾಸ 192.168.0.7. ಕಂಪ್ಯೂಟರ್ ಹುಡುಕುತ್ತಿದ್ದುದು 192.168.1.5ನ್ನು. ಇದನ್ನು ನಮ್ಮ ಭಾವನ ಕಾರ್ಖಾನೆಯ ಎಕ್ಸ್‌ಟೆನ್ಷನ್ ನಂಬರಿನ ಹಾಗೆ ತಿಳಿಯಿರಿ. ಒಳಗಿನವರು ಒಬ್ಬರನ್ನೊಬ್ಬರು ಕರೆಯಲು ಆ ಪುಟ್ಟ ನಂಬರ್ ಸಾಕು. ಅದೇ ನಂಬರ್ ಇನ್ನೊಂದು ಆಫೀಸಿನಲ್ಲೂ ಇರಬಹುದು. 192.168ರಿಂದ ಶುರುವಾಗುವ ವಿಳಾಸಗಳು ಹಾಗೆಯೇ ಮನೆಯೊಳಗಿನ ಬಳಕೆಗೆ. ಅವನ್ನು ಹಂಚುವುದು ರೂಟರಿನ ಕೆಲಸ. ರೂಟರ್ ಬದಲಾದಾಗ ಪ್ರಿಂಟರಿನ ನಂಬರೂ ಬದಲಾಯಿತು, ಕಂಪ್ಯೂಟರ್ ಹಳೆಯ ಡೈರಿಯನ್ನೇ ನೋಡುತ್ತಿತ್ತು.

ಹಳೆಯ ಪ್ರಿಂಟರನ್ನು ಪಟ್ಟಿಯಿಂದ ತೆಗೆಯುವ ಮುನ್ನ ಅದರ ಸರದಿಯ ಸಾಲು ತೆರೆದು ನೋಡಿದರೆ, ಒಂದೇ ಕಾಗದದ ಹನ್ನೊಂದು ಪ್ರತಿ ಕಾಯುತ್ತಾ ನಿಂತಿದ್ದವು. ಬರಲಿಲ್ಲವಲ್ಲ ಎಂದು ಮೊಮ್ಮಗಳು ಒತ್ತಿದಾಗೆಲ್ಲ ಒಂದೊಂದು ಸೇರಿಕೊಂಡಿತ್ತು. ಎಲ್ಲವನ್ನೂ ಅಳಿಸಿ, ಹಳೆಯದನ್ನು ತೆಗೆದು, ಹೊಸ ವಿಳಾಸದಲ್ಲಿ ಪ್ರಿಂಟರನ್ನು ಮತ್ತೆ ಸೇರಿಸಿದೆವು. ಗರ್ ಎಂದು ಹಾಳೆ ಒಳಗೆ ಹೋಯಿತು. ‘ಪ್ರೀತಿಯ ದೊಡ್ಡಜ್ಜಿ’ ಎಂಬ ಸಾಲು ಮೊದಲು ಹೊರಗೆ ಬಂತು. ಮುಂದಿನದನ್ನು ಓದುವ ಮೊದಲೇ ಮೊಮ್ಮಗಳು ಅಂಗೈ ಅಡ್ಡ ಇಟ್ಟಳು.

ಇನ್ನೊಂದು ಕೆಲಸ ಉಳಿದಿತ್ತು. ಹೀಗೇ ಬಿಟ್ಟರೆ, ಕರೆಂಟು ಹೋಗಿ ಬಂದಾಗ ರೂಟರ್ ಬೇರೆ ನಂಬರ್ ಕೊಡಬಹುದು. ಪ್ರತಿ ಯಂತ್ರಕ್ಕೂ ಕಾರ್ಖಾನೆಯಲ್ಲೇ ಬರೆದುಕೊಟ್ಟ 12 ಅಂಕೆ–ಅಕ್ಷರಗಳ ಗುರುತು ಒಂದಿರುತ್ತದೆ. ರೂಟರಿನ ಅಡಿಯ ಚೀಟಿಯಲ್ಲಿರುವ ವಿಳಾಸ ತೆರೆದು, ಈ ಗುರುತಿನ ಯಂತ್ರಕ್ಕೆ 7ನೇ ನಂಬರನ್ನೇ ಕೊಡು ಎಂದು ಬರೆದಿಟ್ಟೆವು. ಬ್ಯಾಂಕಿನಲ್ಲಿ ಲಾಕರ್ ಗೊತ್ತು ಮಾಡಿಕೊಟ್ಟ ಹಾಗೆ.

ಈಗ ಪ್ರಿಂಟರಿನ ಮೇಲಿನ ಗೋಡೆಗೆ ಮೊಮ್ಮಗಳು ಒಂದು ಚೀಟಿ ಅಂಟಿಸಿದ್ದಾಳೆ. ನಿಮ್ಮ ಮನೆಗೂ ಬೇಕಾದರೆ ಬರೆದುಕೊಳ್ಳಿ. ನಕಲು ಬರುತ್ತದೆಯೇ? ಪ್ರಿಂಟರ್ ಯಾವ ಹೆಸರಿಗೆ ಸೇರಿದೆ? ಕಂಪ್ಯೂಟರ್ ಅದೇ ರೂಟರಿನಲ್ಲಿದೆಯೇ, ಅತಿಥಿಗಳಿಗೆಂದು ಇಟ್ಟ ಬೇರೆ ಹೆಸರಿನಲ್ಲಿಲ್ಲ ತಾನೇ? ಎರಡೂ ಕಡೆ ಒಂದೇ ವಿಳಾಸ ಇದೆಯೇ? ಕೆಳಗೆ ಕೆಂಪು ಶಾಯಿಯಲ್ಲಿ, ‘ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ. ಬದಲಾಯಿಸಿದ್ದನ್ನು ಬರೆದಿಡಿ.’

ಮೂರನೆಯ ಭಾನುವಾರ ಮೊಮ್ಮಗಳೂ ನನ್ನ ಜೊತೆ ಮೆಟ್ರೋ ಹತ್ತಿದಳು. ಅಕ್ಕ ಕಿಟಕಿಯ ಹತ್ತಿರ ಕುರ್ಚಿ ಎಳೆದುಕೊಂಡು, ಭೂತಗನ್ನಡಿಯನ್ನು ಸಾಲಿನ ಮೇಲೆ ಜಾರಿಸುತ್ತಾ ಪೂರ್ತಿ ಓದಿದಳು. ನಡುವೆ ಒಂದು ಕಡೆ ನಿಲ್ಲಿಸಿ ನಕ್ಕಳು. ಮೊಮ್ಮಗಳೂ ನಕ್ಕಳು. ಏನೆಂದು ನನಗೆ ಇಬ್ಬರೂ ಹೇಳಲಿಲ್ಲ. ಓದಿ ಮುಗಿಸಿ, ಕಾಗದ ಮಡಿಚಿ ದಿಂಬಿನ ಕೆಳಗೆ ಇಟ್ಟ ಮೇಲೆ ಅಕ್ಕ ಮಗುವಿನ ತಲೆ ಸವರಿ ಕೇಳಿದಳು: ‘ಮುಂದಿನ ಸಲ ಅಕ್ಷರ ಇನ್ನೊಂದು ಚೂರು ದೊಡ್ಡದು ಮಾಡೋಕೆ ಆಗತ್ತಾ ಪುಟ್ಟಿ?’

‘ಆಗತ್ತೆ ದೊಡ್ಡಜ್ಜಿ’ ಎಂದಳು. ಆ ವಾರ 32ಕ್ಕೆ ಏರಿಸಿದಳು. ಈಗ 36ಕ್ಕೆ ಬಂದಿದ್ದೇವೆ. ಒಂದು ಹಾಳೆಯ ಕಾಗದ ಎರಡು ಹಾಳೆಯಾಗಿದೆ.