ಬೇಡದೆ ಬಂದ ಹೆಸರು



ಒಂದು ಕಂಬವನ್ನೋ ಒಂದು ಬಾಗಿಲನ್ನೋ ದಾನವಿತ್ತವರು ಅದರ ಮೇಲೆ ತಮ್ಮ ಹೆಸರನ್ನು ಕಾಣಬಯಸುವುದು ಲೋಕರೂಢಿ. ಆದರೆ ನಮ್ಮ ವಚನಕಾರರು ಬಹುಮಟ್ಟಿಗೆ ತಮ್ಮ ನುಡಿಯ ಕೊನೆಗೆ ಸ್ವಂತ ಹೆಸರನ್ನಿಡದೆ ಇಷ್ಟದೈವದ ಅಂಕಿತವನ್ನಿಟ್ಟರು. ಹೆಸರಿನ ಈ ಎರಡು ಬಗೆಯನ್ನು ಕುರಿತು ಯೋಚಿಸುವಾಗಲೆಲ್ಲ ನನಗೆ ದೂರದ ಅಮೆರಿಕದ ಒಂದು ಕಾಡುಪೊದೆಯ ನೆನಪಾಗುತ್ತದೆ. ಅದರ ಕಥೆಯನ್ನು ತಮ್ಮ ಮುಂದಿಡುತ್ತೇನೆ.

ಕ್ಯಾಲಿಫೋರ್ನಿಯಾದ ಪೂರ್ವದ ಅಂಚಿನಲ್ಲಿ ಯುರೇಕಾ ಕಣಿವೆ ಎಂಬ ಮರುಭೂಮಿಯಿದೆ. ಅದರ ಸುತ್ತಣ ಸುಣ್ಣಕಲ್ಲಿನ ಬೆಟ್ಟಗಳಲ್ಲಿ ಅಲ್ಲೊಂದು ಇಲ್ಲೊಂದು ಎಂಬಂತೆ ಈ ಪೊದೆ ಬೆಳೆಯುತ್ತದೆ. ಉತ್ತರ ಹಿಂದುಸ್ಥಾನದವರು ಉಪವಾಸದ ದಿನ ಬಳಸುವ ಕುಟ್ಟು ಹಿಟ್ಟಿನ ಗಿಡವೂ ಇದೂ ಒಂದೇ ಕುಟುಂಬಕ್ಕೆ ಸೇರಿದವು. ನಡುಬೇಸಗೆಯ ಉರಿಯಲ್ಲಿ ಸುತ್ತಲಿನ ಗಿಡಗಳು ಬಾಡಿ ನಿಂತಿರುವಾಗ ಇದು ಹಳದಿ ಹೂಗಳಿಂದ ಮೈದುಂಬಿಕೊಳ್ಳುತ್ತದೆ. ಆದುದರಿಂದಲೇ ಅಲ್ಲಿಯವರು ಇದನ್ನು 'ಜುಲೈ ಚಿನ್ನ' ಎನ್ನುತ್ತಾರೆ. ಶಾಸ್ತ್ರೀಯ ನಾಮ ಡೆಡೆಕೆರಾ ಯುರೇಕೆನ್ಸಿಸ್.

ಈ ಹೆಸರಿನ ಹಿಂದಿರುವವರು ಮೇರಿ ಡೆಡೆಕರ್ ಎಂಬ ಗೃಹಿಣಿ. 1909ರಲ್ಲಿ ಹುಟ್ಟಿದ ಅವರು 1935ರಲ್ಲಿ ಪತಿಯೊಡನೆ ಓವೆನ್ಸ್ ಕಣಿವೆಯ ಇಂಡಿಪೆಂಡೆನ್ಸ್ ಎಂಬ ಚಿಕ್ಕ ಊರಿಗೆ ಬಂದು ನೆಲೆಸಿದರು. ಸಸ್ಯಶಾಸ್ತ್ರದಲ್ಲಿ ಪದವಿ ಪಡೆದವರಲ್ಲ. ಸಂಸಾರವನ್ನು ತೂಗಿಸುತ್ತಲೇ ಬೆಟ್ಟ ಬಯಲುಗಳನ್ನು ಸುತ್ತಿ, ಗಿಡಗಳನ್ನು ಒತ್ತಿ ಒಣಗಿಸಿ, ಗುರುತು ಬರೆದಿಡುತ್ತ ತಾವೇ ಕಲಿತರು. ಹೀಗೆ ಕೂಡಿಸಿದ ಮಾದರಿಗಳು 6,000ಕ್ಕೂ ಮಿಕ್ಕವು. 1975ರಲ್ಲಿ ಯುರೇಕಾ ಕಣಿವೆಯ ಕಮರಿಯೊಂದರಲ್ಲಿ ಈ ಪೊದೆ ಅವರ ಕಣ್ಣಿಗೆ ಬಿತ್ತು. ಮರುವರ್ಷ ಜೇಮ್ಸ್ ರಿವೀಲ್ ಮತ್ತು ಜಾನ್ ಥಾಮಸ್ ಹೊವೆಲ್ ಎಂಬ ವಿದ್ವಾಂಸರು ಅದನ್ನು ಪರಿಶೀಲಿಸಿದರು. ಅದು ಹೊಸ ಪ್ರಭೇದ ಮಾತ್ರವಲ್ಲ, ಹೊಸ ಕುಲವೇ ಎಂದು ನಿರ್ಣಯಿಸಿ, ಆ ಕುಲಕ್ಕೆ ಅವರ ಹೆಸರನ್ನಿಟ್ಟರು. ಆ ಕುಲದಲ್ಲಿರುವುದು ಇದೊಂದೇ ಪ್ರಭೇದ.

ಇಲ್ಲೊಂದು ಸೂಕ್ಷ್ಮವನ್ನು ಗಮನಿಸಬೇಕು. ಹೊಸ ಸಸ್ಯವನ್ನು ವಿವರಿಸುವವನು ಅದಕ್ಕೆ ತನ್ನ ಹೆಸರನ್ನೇ ಇಟ್ಟುಕೊಳ್ಳುವುದು ಸಸ್ಯಶಾಸ್ತ್ರಜ್ಞರ ಸಂಪ್ರದಾಯವಲ್ಲ. ಹೆಸರನ್ನು ಮತ್ತೊಬ್ಬರು ಕೊಡಬೇಕು. ಮೇರಿಯವರಿಗೆ ಅದು ದೊರೆತದ್ದು ಅರುವತ್ತೇಳನೆಯ ವಯಸ್ಸಿನ ಸುಮಾರಿಗೆ, ದಶಕಗಳ ಕಾಯಕದ ತರುವಾಯ.

ಹೆಸರು ಬಂದ ಮೇಲೆ ಅವರು ಮಾಡಿದ್ದೇನು? 1984ರಲ್ಲಿ ಉತ್ತರ ಮೊಹಾವಿ ಮರುಭೂಮಿಯ ಸಸ್ಯಸಂಪತ್ತನ್ನು ಕುರಿತ ಗ್ರಂಥವನ್ನು ಪ್ರಕಟಿಸಿದರು. ಯುರೇಕಾ ಕಣಿವೆಯ ಮರಳುದಿಬ್ಬಗಳನ್ನು ವಾಹನಗಳ ಹಾವಳಿಯಿಂದ ಉಳಿಸಲು ದನಿಯೆತ್ತಿದರು. ಲಾಸ್ ಏಂಜಲಿಸ್ ನಗರವು 1913ರಿಂದ ಓವೆನ್ಸ್ ಕಣಿವೆಯ ನೀರನ್ನು ಕಾಲುವೆಯಲ್ಲಿ ಒಯ್ಯುತ್ತಿತ್ತು. ಅದು ಅಂತರ್ಜಲವನ್ನೂ ಹೀರತೊಡಗಿದಾಗ, ಕಣಿವೆಯ ಗಿಡಗಳ ಪರವಾಗಿ ವಾದಿಸಿದವರಲ್ಲಿ ಅವರೂ ಒಬ್ಬರು. 1994ರಲ್ಲಿ ಯುರೇಕಾ ಕಣಿವೆಯು ಡೆತ್ ವ್ಯಾಲಿ ರಾಷ್ಟ್ರೀಯ ಉದ್ಯಾನಕ್ಕೆ ಸೇರಿತು. ಅದನ್ನು ಕಂಡು, 2000ದಲ್ಲಿ ಅವರು ತೀರಿಕೊಂಡರು.

ಇನ್ನು ಆ ಪೊದೆಯ ಸ್ಥಿತಿ ಮನಸ್ಸನ್ನು ಕಲಕುವಂಥದು. ಸಾವಿರಾರು ಹೂ ಬಿಟ್ಟರೂ ನೂರರಲ್ಲಿ ಸುಮಾರು ಎರಡು ಮೂರು ಮಾತ್ರ ಬೀಜ ಕಟ್ಟುತ್ತವೆಂದು 1989ರಲ್ಲಿ ವಿಜ್ಞಾನಿಗಳು ವರದಿ ಮಾಡಿದರು. ಎಳೆಯ ಸಸಿ ಕಾಣಸಿಗುವುದೇ ಅಪರೂಪ. ಈಗಿರುವ ಪೊದೆಗಳು ಬಹುಕಾಲ ಬದುಕುತ್ತವೆ; ಅದೇ ಆ ಕುಲದ ಆಸರೆ. ಒಂದನ್ನು ಕಿತ್ತರೆ ಆ ಜಾಗವನ್ನು ತುಂಬಲು ಮತ್ತೊಂದು ಸುಲಭವಾಗಿ ಹುಟ್ಟಲಾರದು. ಕಲ್ಲಿನ ಮೇಲಣ ಹೆಸರಿಗೆ ಯಾರ ಆರೈಕೆಯೂ ಬೇಡ. ಜೀವದ ಮೇಲಣ ಹೆಸರಾದರೋ ಆ ಜೀವವಿರುವ ತನಕ ಮಾತ್ರ ಸಾರ್ಥಕ. ಮೇರಿಯವರು ಇದನ್ನು ಅರಿತಿದ್ದರೆಂದು ಅವರ ಕೊನೆಯ ವರ್ಷಗಳ ದುಡಿಮೆಯೇ ನನಗೆ ಹೇಳುತ್ತದೆ.

ಬಂಧುಗಳೆ, ಮಠದ ಪ್ರಸಾದವನ್ನುಂಡು ಅಕ್ಷರ ಕಲಿತ ನಮಗೆ ಕಾಯಕ, ದಾಸೋಹ ಎಂಬ ಮಾತುಗಳು ಹೊಸವಲ್ಲ. ಹೆಸರು ಕಾಯಕದ ಕೂಲಿಯಲ್ಲ. ಬಂದರೆ ಅದೊಂದು ಋಣ. ದಾಸೋಹದಿಂದಲೇ ಅದನ್ನು ತೀರಿಸಬೇಕು. ನಮ್ಮ ಮಾತು ಅರಿಯದ, ನಮ್ಮ ಶರಣರ ಹೆಸರು ಕೇಳಿರದ ಒಂದು ಊರಿನಲ್ಲಿ ಒಬ್ಬ ತಾಯಿ ಹಾಗೆ ಬಾಳಿದರೆಂಬುದನ್ನು ತಾವೂ ಒಮ್ಮೆ ನೆನೆಯಿರಿ.