ಸ್ಯಾಂಟೊರಿನಿ ಅಲ್ಲ, ಗಂಡಿಕೋಟ

ಏಳನೇ ಕ್ಲಾಸಿನ ಹುಡುಗಿಯೊಬ್ಬಳು ಕ್ಯಾಲೆಂಡರ್ ಚಿತ್ರ ತೋರಿಸಿ, "ಸಾರ್, ಟೂರ್ ಇಲ್ಲಿಗೇ ಹೋಗೋಣ" ಅಂದಳು. ಗ್ರೀಸಿನ ಸ್ಯಾಂಟೊರಿನಿ! ಜ್ವಾಲಾಮುಖಿ ಸಿಡಿದು ಉಳಿದ ಕಡಿದಾದ ಅಂಚಿನ ಮೇಲೆ ಬಿಳಿ ಬಿಳಿ ಮನೆಗಳು. ನಗು ಬಂತು. ಆಮೇಲೆ ಗಂಡಿಕೋಟ ನೆನಪಾಯಿತು. ಅಲ್ಲೂ ಪ್ರಪಾತದ ಅಂಚಿಗೇ ಕೋಟೆ, ಒಳಗೆ ಮಸೀದಿ, ಮಾಧವರಾಯನ ಗುಡಿ, ಕೆಳಗೆ ಪೆನ್ನಾರ್. ನಮ್ಮ ಗೋರಂಟ್ಲದಲ್ಲೂ ಮಾಧವರಾಯನ ಗುಡಿಯಿದೆ. ನಮ್ಮ ಚಿತ್ರಾವತಿ ಹೋಗಿ ಪೆನ್ನಾರ್ ಸೇರುವುದೂ ಗಂಡಿಕೋಟದ ಹತ್ತಿರವೇ (ನನಗೂ ತಡವಾಗಿಯೇ ಗೊತ್ತಾಗಿದ್ದು ಅನ್ನಿ).

"ಮೇಷ್ಟ್ರೇ, ಹುಡುಗರು ಅಂಚಿಗೆ ಹೋಗಿ ಸೆಲ್ಫಿ ತೆಗೀತಾರೆ, ಮಗಳನ್ನ ಕಳಿಸಲ್ಲ" ಅಂತ ಆ ಹುಡುಗಿಯ ಅಪ್ಪ. ಅವರ ಭಯ ಸುಳ್ಳಲ್ಲ. ಹತ್ತು ಮಕ್ಕಳಿಗೆ ಒಬ್ಬ ಟೀಚರ್, ಮೊಬೈಲ್ ಇಲ್ಲ, ಅಂಚಿಗಿಂತ ಇಪ್ಪತ್ತು ಹೆಜ್ಜೆ ಹಿಂದೆಯೇ ನಿಲ್ಲೋದು ಅಂತ ಬರೆದುಕೊಟ್ಟೆ. "ನೀವೂ ಬನ್ನಿ" ಅಂತಲೂ ಕರೆದೆ. ಭಾನುವಾರ ಹೇಳ್ತೀನಿ ಅಂದಿದ್ದಾರೆ.