ಎರಡು ಗೋಡೆಗಳು, ಒಂದು ಕಟ್ಟೆ

ನಮ್ಮ ವಿದ್ಯಾಲಯದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಕಳುಹಿಸಬೇಕೆಂದು ಸಂಪಾದಕ ಮಿತ್ರರಿಂದ ಪತ್ರ ಬಂದಿತು. ಶಾಲೆಯ ಮುಂಗಣದಲ್ಲಿ ದಾನಿಗಳ ನೆರವಿನಿಂದ ಶಿಲ್ಪವೊಂದನ್ನು ನಿಲ್ಲಿಸುವ ಆಲೋಚನೆ ನಡೆದಿದೆಯೆಂದೂ ಅದರಲ್ಲಿ ತಿಳಿಸಿದ್ದರು. ಬಹುಕಾಲ ಚಿತ್ರಕಲಾ ಶಿಕ್ಷಕನಾಗಿದ್ದ ನನಗೆ ಇದು ಸಂತೋಷದ ವಾರ್ತೆಯೇ ಸರಿ. ಆದರೆ ಅದರ ಹಿಂದೆಯೇ ನನ್ನ ಹಳೆಯ ತಪ್ಪೊಂದರ ನೆನಪು ಮರುಕಳಿಸಿತು. ಅದನ್ನು ಮುಚ್ಚಿಡದೆ ನಿವೇದಿಸಿಕೊಳ್ಳುವುದೇ ಈ ಸಂದರ್ಭದಲ್ಲಿ ನಾನು ಸಲ್ಲಿಸಬಹುದಾದ ಕಿಂಚಿತ್ ಸೇವೆಯೆಂದು ಭಾವಿಸಿದ್ದೇನೆ.

ನಾನು ನೌಕರಿಯಲ್ಲಿದ್ದ ಊರಿನ ಪೇಟೆಯ ಚೌಕದಲ್ಲಿ ಒಂದು ಬೇವಿನ ಮರ, ಅದರ ಸುತ್ತ ಕಲ್ಲಿನ ಕಟ್ಟೆ ಇದ್ದವು. ಊರಿಗೆ ಶೋಭೆ ತರಬೇಕೆಂದು ರಚಿತವಾದ ಸಮಿತಿಯಲ್ಲಿ ನಾನೂ ಒಬ್ಬ ಸದಸ್ಯ. ಮರವನ್ನು ಕಡಿಸಿ, ಕಟ್ಟೆಯನ್ನು ಒಡೆಸಿ, ಅಲ್ಲಿ ರೈತ ದಂಪತಿಗಳ ಸಿಮೆಂಟಿನ ಶಿಲ್ಪವನ್ನು ನಿಲ್ಲಿಸಿದೆವು. ಸುತ್ತಲೂ ಕಬ್ಬಿಣದ ಬೇಲಿ ಹಾಕಿಸಿದೆವು. ನಕಾಶೆ ಬರೆದವನು ನಾನೇ. ಉದ್ಘಾಟನೆಯ ದಿನ ನೆರೆದ ಜನಸ್ತೋಮವನ್ನು ಕಂಡು ಕಾರ್ಯ ಯಶಸ್ವಿಯಾಯಿತೆಂದು ವರದಿಯನ್ನೂ ಬರೆದೆವು. ಕೆಲವು ತಿಂಗಳ ತರುವಾಯ, ಹಿಂದೆ ಆ ಕಟ್ಟೆಯ ಮೇಲೆ ಕುಳಿತು ಹೂವು ಮಾರುತ್ತಿದ್ದ ಮುದುಕಿಯೊಬ್ಬಳು ಬಿಸಿಲಿನಲ್ಲಿ ಬುಟ್ಟಿ ಹಿಡಿದು ನಿಂತಿದ್ದಳು. ಶಿಲ್ಪ ಹೇಗಿದೆಯೆಂದು ಕೇಳಿದೆ. “ಗೊಂಬಿ ಚಲೋ ಅದಾವ್ರಿ ಮಾಸ್ತರ್ರ. ಆದ್ರ ನಾವು ಕುಂದರೂ ಕಟ್ಟಿ ಹೋತಲ್ರಿ” ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ.

ಇಂತಹ ಪ್ರಮಾದ ಸಣ್ಣ ಊರುಗಳಿಗೆ ಮಾತ್ರ ಸೀಮಿತವಲ್ಲವೆಂಬುದು ಮುಂದೆ ಓದಿನಿಂದ ತಿಳಿಯಿತು. ನ್ಯೂಯಾರ್ಕ್ ನಗರದಲ್ಲಿ ಸರಕಾರಿ ಕಚೇರಿಗಳ ಮುಂದಿನ ಫೆಡರಲ್ ಪ್ಲಾಜಾ ಎಂಬ ಅಂಗಳದಲ್ಲಿ 1981ರಲ್ಲಿ ಹೆಸರಾಂತ ಶಿಲ್ಪಿ ರಿಚರ್ಡ್ ಸೆರಾ ಅವರ ‘ಟಿಲ್ಟೆಡ್ ಆರ್ಕ್’ ಎಂಬ ಕೃತಿಯನ್ನು ಸ್ಥಾಪಿಸಲಾಯಿತು. ಅದು 120 ಅಡಿ ಉದ್ದ, 12 ಅಡಿ ಎತ್ತರದ ಬಾಗಿದ ಉಕ್ಕಿನ ಗೋಡೆ. ನಿತ್ಯವೂ ಅಂಗಳವನ್ನು ದಾಟುತ್ತಿದ್ದ ನೌಕರರು ಅದನ್ನು ಸುತ್ತಿಕೊಂಡು ಹೋಗಬೇಕಾಯಿತು. 1985ರ ಬಹಿರಂಗ ವಿಚಾರಣೆಯಲ್ಲಿ 180 ಜನರು ಮಾತನಾಡಿದರು. 122 ಮಂದಿ ಗೋಡೆ ಉಳಿಯಲಿ ಎಂದರು, 58 ಮಂದಿ ಬೇಡವೆಂದರು. ಉಳಿಯಲೆಂದವರಲ್ಲಿ ಬಹುಮಂದಿ ಕಲಾಲೋಕದವರು. ಕೊನೆಗೆ 1989ರ ಮಾರ್ಚಿಯಲ್ಲಿ ರಾತ್ರೋರಾತ್ರಿ ಅದನ್ನು ತುಂಡರಿಸಿ ಸಾಗಿಸಲಾಯಿತು. ಕೃತಿ ಹೀನವಾಗಿತ್ತೆಂದು ನಾನು ಹೇಳಲಾರೆ. ಆದರೆ ಕೈಗಳನ್ನು ಎಣಿಸುವುದಕ್ಕೆ ಮುಂಚೆ, ಆ ಸ್ಥಳದಲ್ಲಿ ದಿನವನ್ನು ಕಳೆಯುವವರು ಯಾರೆಂದು ಕೇಳಬೇಕಾಗಿತ್ತು.

ಕೆಲವು ವರ್ಷಗಳ ಹಿಂದೆ ಮಗನ ಮನೆಗೆಂದು ಅಮೆರಿಕೆಗೆ ಹೋದಾಗ, ವಾಷಿಂಗ್ಟನ್ನಿನಲ್ಲಿ ಇನ್ನೊಂದು ಗೋಡೆಯನ್ನು ಕಣ್ಣಾರೆ ಕಂಡೆ. ಅದು 1982ರಲ್ಲಿ ಲೋಕಾರ್ಪಣೆಯಾದ ವಿಯೆಟ್ನಾಂ ಯೋಧರ ಸ್ಮಾರಕ. ಹಣ ಕೂಡಿಸಿದ ನಿವೃತ್ತ ಯೋಧರು ಮೊದಲೇ ನಿಯಮಗಳನ್ನು ಗೊತ್ತುಮಾಡಿದ್ದರು: ಮಡಿದವರೆಲ್ಲರ ಹೆಸರುಗಳಿರಬೇಕು, ಯುದ್ಧದ ಸರಿತಪ್ಪುಗಳ ಮಾತಿರಬಾರದು, ಸ್ಥಳಕ್ಕೆ ಹೊಂದಬೇಕು. ರಚಿಸಿದವರ ಹೆಸರನ್ನು ಮರೆಮಾಡಿ 1,421 ನಕಾಶೆಗಳನ್ನು ಪರಿಶೀಲಿಸಿದಾಗ ಆಯ್ಕೆಯಾದುದು ಮಾಯಾ ಲಿನ್ ಎಂಬ 21 ವರ್ಷದ ವಿದ್ಯಾರ್ಥಿನಿಯದು. ಇದಕ್ಕೂ ಉಗ್ರ ವಿರೋಧ ಬಂದಿತು. ಸಮಾಧಾನಕ್ಕಾಗಿ 1984ರಲ್ಲಿ ಸಮೀಪದಲ್ಲಿ ಮೂವರು ಸೈನಿಕರ ಪ್ರತಿಮೆಯನ್ನೂ ನಿಲ್ಲಿಸಿದರು. ಆದರೂ ಜನ ಬಂದು ನಿಲ್ಲುವುದು ಗೋಡೆಯ ಎದುರಿಗೇ. 58,000ಕ್ಕೂ ಮಿಕ್ಕಿದ ಹೆಸರುಗಳಲ್ಲಿ ತಮ್ಮವರದನ್ನು ಹುಡುಕಿ, ಅದರ ಮೇಲೆ ಕಾಗದವಿಟ್ಟು ಪೆನ್ಸಿಲಿನಿಂದ ಉಜ್ಜಿ ಅಚ್ಚು ತೆಗೆದುಕೊಳ್ಳುತ್ತಾರೆ. ಪತ್ರ, ಹೂವು, ಹಳೆಯ ಬೂಟುಗಳನ್ನು ಗೋಡೆಯ ಬುಡದಲ್ಲಿಟ್ಟು ಹೋಗುತ್ತಾರೆ. ಉದ್ಯಾನ ಇಲಾಖೆಯವರು ಅವುಗಳಲ್ಲಿ ಹಲವನ್ನು ಸಂಗ್ರಹಿಸಿ ಕಾಪಾಡುತ್ತಾರೆ. ಆ ಕೃತಿಯ ಪರಿಣಾಮವನ್ನು ಅಳೆಯಲು ಇದಕ್ಕಿಂತ ಬೇರೆ ವರದಿ ಬೇಕೆನಿಸಲಿಲ್ಲ.

ಆ ಕರಿಯ ಗ್ರಾನೈಟ್ ಶಿಲೆ ನಮ್ಮ ಬೆಂಗಳೂರಿನ ಕಡೆಯದು. ಅದನ್ನು ಮುಟ್ಟಿದಾಗ, ನುಣುಪಾದ ಕಲ್ಲಿನಲ್ಲಿ ನನ್ನ ಮುಖ ಕಂಡಿತು. ಪಕ್ಕದಲ್ಲಿ ಹೆಸರೊಂದರ ಮೇಲೆ ಬೆರಳಿಟ್ಟು ನಿಂತಿದ್ದ ವೃದ್ಧೆಯ ಮುಖವೂ ಕಂಡಿತು. ಬಿಸಿಲಿನಲ್ಲಿ ನಿಂತಿದ್ದ ನಮ್ಮೂರ ಹೂವಿನ ಮುದುಕಿ ಆಗ ನೆನಪಾದಳು.

ಆದುದರಿಂದ ಶಾಲೆಯ ಹಿತೈಷಿಗಳಲ್ಲಿ ನನ್ನದೊಂದು ವಿನಂತಿ. ಶಿಲ್ಪಿಯನ್ನು ಕರೆಸುವ ಮುನ್ನ ಕೆಲವು ದಿನ ಮುಂಗಣದಲ್ಲಿ ಸುಮ್ಮನೆ ಕುಳಿತು, ಮಕ್ಕಳು ಎಲ್ಲಿ ಆಡುತ್ತಾರೆ, ಎಲ್ಲಿ ಬುತ್ತಿ ಬಿಚ್ಚುತ್ತಾರೆ ಎಂಬುದನ್ನು ನೋಡಿರಿ. ಕಸ ಗುಡಿಸುವವರನ್ನೂ ಜವಾನರನ್ನೂ ವಿಚಾರಿಸಿರಿ. ಸಂಗ್ರಹವಾದ ಹಣದಲ್ಲಿ ಒಂದು ಪಾಲನ್ನು ಮುಂದಿನ ದುರಸ್ತಿಗೆಂದು ತೆಗೆದಿಡಿರಿ. ಉದ್ಘಾಟನೆಯಾದ ಒಂದು ವರ್ಷಕ್ಕೆ ಅದೇ ಜಾಗದಲ್ಲಿ, ಅದೇ ಹೊತ್ತಿನಲ್ಲಿ ಮತ್ತೆ ಕುಳಿತು ನೋಡಿ, ಅನಂತರ ವರದಿಯನ್ನು ಬರೆಯಿರಿ. ನೆರಳಿನ ಮರವಿದ್ದರೆ ದಯಮಾಡಿ ಕಡಿಯಬೇಡಿರಿ. ಆ ಮುದುಕಿಗೆ ಅಂದು ಕೊಡಲಾಗದ ಉತ್ತರವನ್ನು ಇಂದು ನಿಮ್ಮ ಮುಂದೆ ಇಟ್ಟಿದ್ದೇನೆ.